ಭಾವನ ಸರಪಳಿ, ಅತ್ತೆಯ ಬಾಯಿಮಾತು

"ಜಲಜಾ, ಇವತ್ತಿನಿಂದ ನಿನ್ನ ಉಗ್ರಾಣಕ್ಕೆ ಬೀಗ ಬೇಕಾಗಿಲ್ಲ" ಅಂದರು ನಮ್ಮ ಭಾವ, ಅಡುಗೆಮನೆ ಗೋಡೆಗೆ ಕೊನೆಯ ತಿರುಪು ಬಿಗಿಯುತ್ತಾ.

ಅವರು ಅಂದದ್ದು ನಿಜವೇ ಆಯಿತು. ಎರಡು ದಿನದಲ್ಲಿ ಬೀಗ ಹಾಕಿಡುವಂಥದ್ದು ಉಗ್ರಾಣದಲ್ಲಿ ಏನೂ ಉಳಿಯಲಿಲ್ಲ. ಆದರೆ ಆ ಬುಧವಾರ ಬೆಳಿಗ್ಗೆ ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ತಿರುಪುಳಿಯನ್ನು ಬಾವಿಗೆ ಹಾಕಿಬಿಡುತ್ತಿದ್ದೆ.

ತಿಪಟೂರಿನಲ್ಲಿ ಹನ್ನೊಂದು ವರ್ಷದಿಂದ ಮೆಸ್ ನಡೆಸುತ್ತಿದ್ದೇನೆ. ಮೂವತ್ತು ಜನ ಕಾಯಂ ಊಟದವರು. ನಮ್ಮ ಯಜಮಾನರು ರೈಲ್ವೆಯಲ್ಲಿ ಗಾರ್ಡು. ಮನೆಯಲ್ಲಿ ಗಲಾಟೆ ನಡೆಯುವಾಗಲೆಲ್ಲ ಅವರು ಹುಬ್ಬಳ್ಳಿಯಲ್ಲಿರುತ್ತಾರೆ. ಉಳಿದವರು ಎಪ್ಪತ್ತೆಂಟು ವರ್ಷದ ಅತ್ತೆ, ಮತ್ತು ಯಜಮಾನರ ಅಣ್ಣ ಸೂರ್ಯನಾರಾಯಣ. ಅತ್ತೆಗೆ ಸೂರಿ, ನನಗೆ ಭಾವ.

ಭಾವ ಮೂವತ್ತಮೂರು ವರ್ಷ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ನಿವೃತ್ತರಾದವರು. ಕೊನೆಯ ವರ್ಷ ಅವರನ್ನು ಮೂರು ದಿನದ ತರಬೇತಿಗೆ ಕಳಿಸಿದ್ದರಂತೆ. ಸಾಮಾನು ಎಲ್ಲಿಂದ ಹೊರಟು ಹೇಗೆ ಗಿರಾಕಿಯ ಕೈ ಸೇರಬೇಕು ಅನ್ನುವ ವಿದ್ಯೆ. ಮೊದಲ ದಿನ ಲೀನ್, ಎರಡನೆಯ ದಿನ ಅಜೈಲ್. ಮೂರನೆಯ ದಿನದ ಪಾಠದ ಬಗ್ಗೆ ಮಾತ್ರ ಅವರು ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಅಲ್ಲಿಂದ ಬಂದ ಮೇಲೆ ಆ ಎರಡು ಪದಗಳನ್ನು ಜಪಿಸುತ್ತಾ, ಹಿತ್ತಿಲಿನ ಶೆಡ್ಡಿನಲ್ಲಿ ಒಂದೂವರೆ ವರ್ಷ ತಗಡು ಬಡಿದು, ಈ ಯಂತ್ರ ಮಾಡಿದ್ದರು. ಹೆಸರು 'ಸರಪಳಿ'.

ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಮೇಲೆ ಹಳೆಯ ಹಿತ್ತಾಳೆ ಚೆಂಬುಗಳನ್ನು ಸೀಳಿ ಮಾಡಿದ ಎರಡು ಕಿವಿ. ನಡುವೆ ಒಂದು ದಪ್ಪ ಸ್ವಿಚ್ಚು: ಎಡಕ್ಕೆ ತಿರುಗಿಸಿದರೆ ಲೀನ್, ಬಲಕ್ಕೆ ಅಜೈಲ್. ಹೊರಗಡೆ ಅಂಗಳದಲ್ಲಿ ಎಂಟು ತಗಡಿನ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಎರಡೆರಡು ಕೈ, ಯಂತ್ರದ್ದೇ ಕಿವಿ, ಯಂತ್ರದ್ದೇ ದನಿ. ಯಂತ್ರ ಹೇಳಿದರೆ ಅವು ತಾವೇ ಬೀದಿಯಲ್ಲಿ ಓಡಿಹೋಗಿ ಅಂಗಡಿಯಿಂದ ಸಾಮಾನು ತರುತ್ತವಂತೆ.

"ಮೊದಲು ಲೀನ್" ಎಂದು ಭಾವ ಸ್ವಿಚ್ಚು ತಿರುಗಿಸಿದರು.

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಯಾರೋ ಲೀನ ಆದದ್ದು?"

"ಯಾರೂ ಆಗಿಲ್ಲಮ್ಮ. ಲೀನ್."

"ಅದೇ ಕಣೋ, ಭಗವಂತನಲ್ಲಿ ಲೀನ. ಬೆಳಬೆಳಿಗ್ಗೆ ಸಾವಿನ ಸುದ್ದಿ ತಂದಿದೀಯ. ನಾನು ಸ್ನಾನ ಮಾಡ್ಬೇಕೋ ಬೇಡ್ವೋ, ಅಷ್ಟು ಹೇಳು."

ಭಾವ ಹಣೆ ಒತ್ತಿಕೊಂಡರು. "ಅಮ್ಮ, ಲೀನ್ ಅಂದ್ರೆ ಮನೇಲಿ ಒಂದು ಕಾಳೂ ಹೆಚ್ಚಿಗೆ ಇರಬಾರದು. ಬೇಕಾದಾಗ, ಬೇಕಾದಷ್ಟೇ ಬರ್ಬೇಕು. ದಿನಾ ಅದೇ ಮೂವತ್ತು ಜನ ಉಣ್ಣೋ ಮೆಸ್ಸಿಗೆ ಇದೇ ಸರಿ. ಅಜೈಲ್ ಅನ್ನೋದು ಎಷ್ಟು ಜನ ಬರ್ತಾರೋ, ಏನು ಕೇಳ್ತಾರೋ ಗೊತ್ತಿಲ್ಲದ ಕಡೆಗೆ. ಅಲ್ಲಿ ಸ್ವಲ್ಪ ಹೆಚ್ಚೇ ಇಟ್ಕೊಂಡು, ಜನ ತಿರುಗಿದ ಕಡೆ ನಾವೂ ತಿರುಗ್ತಾ ಹೋಗೋದು."

"ಲೀನ ಆಗೋದೂ ಇದೆ, ಜೈಲೂ ಇದೆ" ಅಂದರು ಅತ್ತೆ. "ಒಳ್ಳೇ ಯಂತ್ರ ಕಣಪ್ಪ."

"ಭಾವ, ಇದಕ್ಕೆ ಸಾಮಾನು ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ ನಾನು.

ಆ ಪ್ರಶ್ನೆಗೇ ಕಾದಿದ್ದವರಂತೆ ಅವರು ಎದೆ ಉಬ್ಬಿಸಿದರು. "ತಕ್ಕಡಿ ಬೇಡ, ಲೆಕ್ಕದ ಪುಸ್ತಕ ಬೇಡ. ನೀವಿಬ್ಬರು ಅಡುಗೆಮನೇಲಿ ಮಾತಾಡ್ತೀರಲ್ಲ, ಅದನ್ನು ಕೇಳಿಸಿಕೊಳ್ಳುತ್ತೆ. ಅಪ್ಪಟ ಕನ್ನಡ ಬರುತ್ತೆ ಇದಕ್ಕೆ. ನಿಘಂಟು ಪೂರ್ತಿ ತುಂಬಿಸಿದೀನಿ."

ನನಗೆ ಭಯವಾದದ್ದು ಭಾನುವಾರದ ಸಲುವಾಗಿ. ಕೆರೆಕೋಡಿ ಛತ್ರದ ಅಡುಗೆಯನ್ನು ಯಾರಿಗಾದರೂ ಕಾಯಂ ವಹಿಸಬೇಕೆಂದು ಸಮಿತಿಯವರು ಹುಡುಕುತ್ತಿದ್ದರು. ಅರ್ಜಿ ಕೊಟ್ಟಿದ್ದೆ. ಅಧ್ಯಕ್ಷರಾದ ಮರುಳಸಿದ್ದಪ್ಪನವರು "ಭಾನುವಾರ ಮಧ್ಯಾಹ್ನ ನಲವತ್ತು ಜನ ನಿಮ್ಮಲ್ಲೇ ಊಟಕ್ಕೆ ಬರ್ತೀವಿ, ರುಚಿ ನೋಡ್ತೀವಿ" ಅಂದಿದ್ದರು. ಹನ್ನೊಂದು ವರ್ಷ ಅದೇ ಮೂವತ್ತು ಎಲೆಗೆ ಅದೇ ಸಾರು ಬಡಿಸಿ ನನ್ನ ಕೈಗೆ ಬೇಜಾರು ಹತ್ತಿತ್ತು. ಒಂದು ಸಲವಾದರೂ ಮದುವೆ ಮನೆಯ ಒಲೆ ನನ್ನದಾಗಬೇಕು ಎಂಬ ಆಸೆ ಹೊಟ್ಟೆಯೊಳಗೇ ಉಳಿದುಬಿಟ್ಟಿತ್ತು.

"ಭಾನುವಾರ ಮುಗಿಯೋವರೆಗೆ ಇದು ಬೇಡ ಭಾವ" ಅಂದೆ.

"ಭಾನುವಾರಕ್ಕೋಸ್ಕರವೇ ಮಾಡಿದ್ದು" ಅಂದರು ಅವರು.

ಗುರುವಾರ ಯಂತ್ರ ಚೆನ್ನಾಗಿಯೇ ನಡೆಯಿತು. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕಟ, ಆದರೂ ಒಪ್ಪಬೇಕು. ಉಗ್ರಾಣದಲ್ಲಿದ್ದ ಮೂಟೆಗಳನ್ನೆಲ್ಲ ಗಾಡಿಗಳು ಹೊತ್ತು ಅಂಗಡಿಗಳಿಗೆ ವಾಪಸು ಕೊಟ್ಟುಬಂದವು. ಆಮೇಲೆ ನಾನು "ಸಾಸಿವೆ ಬೇಕು" ಅಂದರೆ ಒಗ್ಗರಣೆಯ ಎಣ್ಣೆ ಕಾಯುವಷ್ಟರಲ್ಲಿ ಒಂದು ಗಾಡಿ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ತಗಡಿನ ಅಂಗೈಯಲ್ಲಿ ಎಣಿಸಿದ ಹಾಗೆ ಸಾಸಿವೆ, ಒಂದು ಎಸಳು ಕರಿಬೇವು. ಖಾಲಿ ಉಗ್ರಾಣದಲ್ಲಿ ಭಾವ ಕುರ್ಚಿ ಹಾಕಿಕೊಂಡು ಪೇಪರು ಓದಿದರು.

ಶುಕ್ರವಾರ ಬೆಳಿಗ್ಗೆ ಅತ್ತೆ ಅಕ್ಕಿ ಡಬ್ಬದೊಳಗೆ ಕೈಯಾಡಿಸಿ, ಎಂದಿನಂತೆ, "ಜಲಜಾ, ಅಕ್ಕಿ ತುಂಬಿದೆ ಕಣೇ" ಅಂದರು.

ಯಂತ್ರದ ಕಿವಿ ಅವರ ಕಡೆ ತಿರುಗಿತು. "ಹೆಚ್ಚುವರಿ ಅಕ್ಕಿ ಗುರುತಿಸಲಾಗಿದೆ" ಎಂದು ಅದು ವಾರ್ತೆ ಓದುವ ಧಾಟಿಯಲ್ಲಿ ಹೇಳಿತು. ಒಂದು ಗಾಡಿ ಒಳಗೆ ನುಗ್ಗಿ, ಡಬ್ಬದ ತಳದಲ್ಲಿದ್ದ ಎರಡು ಪಾವು ಅಕ್ಕಿಯನ್ನೂ ಬಾಚಿಕೊಂಡು ಹೊರಟಿತು.

"ಅಯ್ಯೋ, ಇದ್ದಿದ್ದನ್ನೂ ಒಯ್ತಲ್ಲೇ. ನೋಡಿದ್ರೆ ಉಪ್ಪೂ ತುಂಬಿದೆ!"

ಉಪ್ಪಿನ ಜಾಡಿಯೂ ಹೋಯಿತು. ಅತ್ತೆ ಗಾಬರಿಯಲ್ಲಿ ಎಣ್ಣೆ, ಬೆಲ್ಲ, ಹುಣಸೆಹಣ್ಣು ಒಂದೊಂದರ ಹೆಸರನ್ನೂ ಹೇಳಿ "ತುಂಬಿದೆ, ತುಂಬಿದೆ" ಅನ್ನುತ್ತಾ ಹೋದರು. ಗಾಡಿಗಳು ಒಂದೊಂದನ್ನೂ ಎತ್ತಿಕೊಂಡು ಹೋದವು. ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಉಳಿದದ್ದು ನಾವು ಮೂರು ಜನ ಮತ್ತು ಒಂದು ಕುಂಬಳಕಾಯಿ.

"ಇವಕ್ಕೆ ಬುದ್ಧಿ ಇದೆಯಾ? ತುಂಬಿದೆ ಅಂದ್ರೆ ಇಲ್ಲ ಅಂತ ಎಲ್ರಿಗೂ ಗೊತ್ತು" ಅಂದರು ಭಾವ.

"ಎಲ್ರಿಗೂ ಗೊತ್ತು ಭಾವ, ನಿಮ್ಮ ತಗಡಿಗೆ ಗೊತ್ತಿಲ್ಲ. ನಿಮ್ಮ ನಿಘಂಟಿನಲ್ಲಿ ತುಂಬಿದೆ ಅಂದ್ರೆ ಏನಂತ ಬರೆದಿದೆ?"

ಭಾವ ಮೆಲ್ಲಗೆ ಅತ್ತೆಯ ಹತ್ತಿರ ಹೋದರು. "ಅಮ್ಮ, ಇನ್ಮೇಲೆ ಮುಗಿದಾಗ 'ಖಾಲಿ' ಅಂದ್ಬಿಡು. ಒಂದೇ ಮಾತು."

"ನಾನಾ? ಅನ್ನಪೂರ್ಣೆ ಇರೋ ಮನೇಲಿ ಅಕ್ಕಿ ಖಾಲಿ ಅನ್ನೋ ಬಾಯಿ ನಂದಲ್ಲ. ನಿಮ್ಮಜ್ಜಿ ಅನ್ಲಿಲ್ಲ, ನಾನು ಅನ್ಲಿಲ್ಲ. ನಿನ್ನ ಪೆಟ್ಟಿಗೆಗೇ ಸಂಸ್ಕಾರ ಕಲಿಸು."

ನಾನು ಎಷ್ಟು ಸಲ "ಅಕ್ಕಿ ಬೇಕು" ಅಂದರೂ ಯಂತ್ರ "ಹೆಚ್ಚುವರಿ ಇದೆ" ಅಂದಿತು. ಆ ದಿನ ಊಟದವರಿಗೆ ಎದುರುಮನೆಯಿಂದ ಅವಲಕ್ಕಿ ತಂದು ಕೊಟ್ಟೆ. ಮೂವತ್ತು ಜನರ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡೇ ಬಡಿಸಿದೆ.

ಭಾವ ಸಂಜೆಯೆಲ್ಲ ಕೂತು ಪೆಟ್ಟಿಗೆಗೆ ಸಂಸ್ಕಾರ ಕಲಿಸಿದರು. ತುಂಬಿದೆ ಅಂದರೆ ಖಾಲಿ ಎಂದು ಬರೆಸಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಶನಿವಾರ ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪಾಲಾಕ್ಷಪ್ಪ, ಊಟ ಮುಗಿಸಿ ತೇಗಿ, "ಹೊಟ್ಟೆ ತುಂಬಿದೆ ಕಣಮ್ಮ" ಅಂದರು.

"ಖಾಲಿ ಹೊಟ್ಟೆ ಗುರುತಿಸಲಾಗಿದೆ" ಎಂದಿತು ಯಂತ್ರ. ಗಾಡಿಯೊಂದು ಓಡಿಬಂದು ಅವರ ಎಲೆಗೆ ಅರ್ಧ ಸೇರು ಅನ್ನ ಸುರಿಯಿತು.

ಎಲೆಯಲ್ಲಿ ಅನ್ನ ಬಿಟ್ಟು ಏಳುವ ಮನುಷ್ಯನಲ್ಲ ಅವರು. ಉಂಡರು. "ಇಲ್ಲ ಇಲ್ಲ, ಹೊಟ್ಟೆ ನಿಜವಾಗ್ಲೂ ತುಂಬಿದೆ" ಅಂದರು. ಮತ್ತೆ ಅರ್ಧ ಸೇರು ಬಿತ್ತು. ನಾನು ಹಿತ್ತಿಲಿನಿಂದ ಓಡಿ ಬರುವಷ್ಟರಲ್ಲಿ ಐದು ಸಲ ಆಗಿತ್ತು. ಮೇಷ್ಟ್ರು ಗೋಡೆಗೆ ಒರಗಿ ಕಣ್ಣು ಮೇಲೆ ಮಾಡಿದ್ದರು.

"ಮೇಷ್ಟ್ರೇ, ಬಾಯಿ ಮುಚ್ಕೊಳಿ. ಒಂದು ಮಾತೂ ಆಡ್ಬೇಡಿ" ಅಂದೆ. ಹಿಂದಿನ ಹನ್ನೊಂದು ವರ್ಷದಲ್ಲಿ ಗಿರಾಕಿಗೆ ನಾನು ಹಾಗೆ ಅಂದದ್ದಿಲ್ಲ.

"ಭಾವ, ಇದನ್ನು ಕಿತ್ತು ಹೊರಗೆ ಹಾಕಿ. ನಾಳೆ ನನ್ನ ಮಾನ ಹೋಗುತ್ತೆ."

"ಕಿತ್ತರೆ ನಾಳೆ ಅಡುಗೆ ಯಾವುದರಲ್ಲಿ ಮಾಡ್ತೀಯ? ಉಗ್ರಾಣದಲ್ಲಿ ಏನಿದೆ? ಭಾನುವಾರ ಅಂಗಡಿ ಬೀದಿ ಮುಚ್ಚಿರುತ್ತೆ."

ಉಗ್ರಾಣ ಬರಿದು ಮಾಡಿದವರೇ ಆ ಮಾತು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಾತು ಸುಳ್ಳಲ್ಲ.

"ತಪ್ಪು ಯಂತ್ರದ್ದಲ್ಲ, ವಿಧಾನದ್ದು" ಎಂದು ಭಾವ ಸ್ವಿಚ್ಚನ್ನು ಬಲಕ್ಕೆ ಒತ್ತಿದರು. "ಅತಿಥಿಗಳು ಬರೋ ಮನೆಗೆ ಲೀನ್ ಆಗಲ್ಲ, ಅಜೈಲೇ ಬೇಕು. ತುಂಬಿದೆ ಅನ್ನೋದನ್ನು ಡಬ್ಬಕ್ಕೆ ಒಂದು ಅರ್ಥ, ಹೊಟ್ಟೆಗೆ ಒಂದು ಅರ್ಥ ಅಂತ ಬೇರೆ ಮಾಡ್ತೀನಿ. ಎಷ್ಟು ಜನ ಬರ್ತಾರೆ ಅಂತ ಅದೇ ಕೇಳಿಸ್ಕೊಂಡು ಅಷ್ಟಕ್ಕೆ ಬೇಯಿಸುತ್ತೆ."

ಸಂಜೆಯವರೆಗೆ ಗಾಡಿಗಳು ಅಂಗಡಿಗಳಿಂದ ಸಾಮಾನು ತಂದು ನಮ್ಮ ಮನೆ ಹಿಂದಿನ ಹಳೆಯ ಕೊಬ್ಬರಿ ಗೋದಾಮಿಗೆ ಒಟ್ಟಿದವು. ಬುಧವಾರ ಉಗ್ರಾಣದಲ್ಲಿ ಇದ್ದದ್ದರ ಹತ್ತರಷ್ಟು ಇತ್ತು. ಇದನ್ನೇ ಬೇಡ ಅಂತ ತಾನೇ ವಾಪಸು ಕೊಟ್ಟಿದ್ದು ಅಂತ ಕೇಳಿದೆ. "ಆಗ ಲೀನ್, ಈಗ ಅಜೈಲ್" ಅಂದರು.

ಭಾನುವಾರ ಅತ್ತೆ ಬೆಳಿಗ್ಗೆಯೇ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿಟ್ಟರು. ತರಕಾರಿ ಹೆಚ್ಚಿಟ್ಟರು. ಹುಳಿಪುಡಿ ಹುರಿದು ಕುಟ್ಟಿ ತಯಾರಾಯಿತು. ಆದರೆ ಯಾವುದನ್ನೂ ಒಂದಕ್ಕೊಂದು ಸೇರಿಸಲಿಲ್ಲ. "ಯಾಕಮ್ಮ, ಹುಳಿ ಕುದಿಸಲ್ವಾ?" ಎಂದು ಭಾವ ಕೇಳಿದ್ದಕ್ಕೆ, "ಸುಮ್ನಿರೋ" ಎಂದು ಕಿಟಕಿಯ ಹತ್ತಿರ ಕೂತರು.

ಹನ್ನೆರಡೂವರೆಗೆ ಜನ ಬಂದರು. ನಲವತ್ತು ಜನ ಅಂದಿದ್ದರಲ್ಲ, ಹೆಂಡತಿ, ಷಡ್ಡಕ, ಬೀಗರು ಎಲ್ಲ ಸೇರಿದ್ದರು. ಯಂತ್ರ ಗುಂಯ್ಗುಟ್ಟಿತು. "ಮರುಲೆಕ್ಕ ನಡೆಯುತ್ತಿದೆ. ದಯವಿಟ್ಟು ಕಾಯಿರಿ."

ಅತ್ತೆ ಕಿಟಕಿಯಿಂದಲೇ ಬಾಗಿಲ ಮುಂದೆ ನೋಡಿದರು. "ಅರವತ್ತಮೂರು ಜೊತೆ ಚಪ್ಪಲಿ. ಜಲಜಾ, ಬೇಳೆಗೆ ಎರಡು ಕೊಡ ಬಿಸಿನೀರು, ಪುಡಿ ನಾಲ್ಕು ಸೌಟು. ಅನ್ನಕ್ಕೆ ಇನ್ನೊಂದು ಒಲೆ ಹಚ್ಚು."

ಯಂತ್ರದ ಮರುಲೆಕ್ಕ ಮುಗಿಯುವಷ್ಟರಲ್ಲಿ ಹುಳಿ ಕುದಿದು ಒಗ್ಗರಣೆ ಚಟಚಟ ಅಂದಿತು. ಭಾವ ಬಾಯಿ ತೆರೆದುಕೊಂಡು ನಿಂತಿದ್ದರು.

"ಬೇಳೆ ಬೇಯಿಸೋವರೆಗೂ ಲೀನ್... ಜನ ಎಣಿಸಿ ನೀರು ಹಾಕೋವಾಗ ಅಜೈಲ್... ಎರಡೂ ಸೇರಿಸೋದು... ಜಲಜಾ, ಮೂರನೇ ದಿನ ಇದನ್ನೇ ಹೇಳಿರ್ಬೇಕು."

"ಹೇಳಿರ್ಬೇಕು ಅಂದ್ರೆ? ನೀವು ಇರ್ಲಿಲ್ವಾ?"

"ಇದ್ದೆ. ಅವತ್ತು ಊಟಕ್ಕೆ ಒಬ್ಬಟ್ಟಿತ್ತು. ಆಮೇಲೆ ಸ್ವಲ್ಪ ಕಣ್ಣು ಹತ್ತಿತು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದಕ್ಕೆ ಉದಾಹರಣೆ ಬೇಕಾದರೆ ನಮ್ಮ ಮನೆಗೆ ಬನ್ನಿ. ಒಂದೂವರೆ ವರ್ಷ ತಗಡು ಬಡಿದ ಮನುಷ್ಯ ಒಂದು ಮಧ್ಯಾಹ್ನ ತಾಯಿಯ ಪಕ್ಕ ಕೂತಿದ್ದರೆ ಸಾಕಿತ್ತು.

ಊಟ ಚೆನ್ನಾಯಿತು. ಎರಡನೆಯ ಸಲ ಹುಳಿ ಹಾಕಿಸಿಕೊಳ್ಳದವರಿಲ್ಲ. ಮರುಳಸಿದ್ದಪ್ಪನವರು ಬೆರಳು ನೆಕ್ಕಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಎಲ್ಲರೂ ಬಾಗಿಲಿಗೆ ಬಂದರು. ನನ್ನ ಎದೆ ಹಗುರಾಗಿತ್ತು.

"ಬರ್ತೀವಮ್ಮ" ಅಂದರು ಮರುಳಸಿದ್ದಪ್ಪನವರು.

"ಬರ್ತೀವಿ, ಬರ್ತೀವಿ" ಅಂದರು ಉಳಿದ ಅರವತ್ತೆರಡು ಜನ.

"ಅರವತ್ತಮೂರು ಮಂದಿ ಬರುತ್ತಿದ್ದಾರೆ" ಎಂದಿತು ಯಂತ್ರ.

ಗೋದಾಮಿನಿಂದ ಎಂಟೂ ಗಾಡಿಗಳು ಹೊರಟವು. ಕೊಳದಪ್ಪಲೆಗಳಿಗೆ ಅಕ್ಕಿ ಸುರಿದವು, ಒಲೆಗಳನ್ನೂ ತಾವೇ ಹಚ್ಚಿದವು. ಬಾಗಿಲಿನ ಮುಂದೆ ಬಾಳೆಎಲೆಯ ಕಂತೆಗಳು ಬಂದು ಬಿದ್ದು ದಾರಿ ಕಟ್ಟಿದವು. ಹೊರಗೆ ಹೋಗಲಾರದೆ ಜನ ನಿಂತರು. ನಿಂತವರು ಮರ್ಯಾದೆಗೆ ಇನ್ನೊಮ್ಮೆ "ಬರ್ತೀವಿ" ಅಂದರು. ಇನ್ನೂ ಅರವತ್ತಮೂರು ಸೇರಿತು.

"ಯಾರೂ ಬರ್ತೀನಿ ಅನ್ಬೇಡಿ! 'ಹೋಗ್ತೀನಿ' ಅನ್ನಿ" ಎಂದು ಭಾವ ಕೈ ಮುಗಿದರು.

ಮರುಳಸಿದ್ದಪ್ಪನವರ ಮುಖ ಗಂಟಾಯಿತು. "ಏನ್ ಸ್ವಾಮಿ, ಉಂಡ ಮನೇಲಿ ನಿಂತ್ಕೊಂಡು ಹೋಗ್ತೀನಿ ಅನ್ನೋದಾ? ನಾವೇನು ಸೂತಕದ ಮನೆಗೆ ಬಂದಿದೀವಾ?"

"ಹಾಗಾದ್ರೆ 'ಹೋಗ್ಬರ್ತೀವಿ' ಅನ್ನಿ. ಎರಡಕ್ಕೂ ಸರಿಹೋಗುತ್ತೆ."

ಎಲ್ಲರೂ ಹಾಗೇ ಅಂದರು. ಯಂತ್ರ ಒಂದು ಕ್ಷಣ ಯೋಚಿಸಿತು. "ಹೋಗಿ ಬರುತ್ತಾರೆ. ನಡೆದು ಬಂದವರಿಗೆ ಹಸಿವು ಹೆಚ್ಚು. ಒಂದೂವರೆ ಪಟ್ಟು."

ಮೂರು ಗಂಟೆಗೆ ನಮ್ಮ ಮನೆಯಲ್ಲಿ ಇನ್ನೂರಿಪ್ಪತ್ತು ಜನರ ಅನ್ನ ಹಬೆಯಾಡುತ್ತಿತ್ತು. ಗಾಡಿಗಳು ಅದಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿಬಿಟ್ಟವು. ಸೆಖೆಗೆ ಬೆವೆತು, ಸೀರೆ ಮುದುಡಿ, ಮಲಗಬೇಕಾದ ಹೊತ್ತಿನಲ್ಲಿ ನಿಂತು, ಬಂದವರೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಹೇಗೋ ಎಲೆಕಂತೆಗಳನ್ನು ಪಕ್ಕಕ್ಕೆಳೆದು ದಾರಿ ಬಿಡಿಸಿದೆ. ನಾಚಿಕೆ ಬಿಟ್ಟು ಅಧ್ಯಕ್ಷರನ್ನು ಕೇಳಿಯೇ ಬಿಟ್ಟೆ.

"ಸಾರ್, ಛತ್ರದ ಅಡುಗೆ ವಿಷಯ..."

ಅವರು ಶಲ್ಯದಲ್ಲಿ ಕತ್ತು ಒರೆಸಿಕೊಂಡರು. ಆಕಾಶ ನೋಡಿದರು. "ನೋಡೋಣಮ್ಮ" ಅಂದರು.

ನಮ್ಮ ಕಡೆ ಇಲ್ಲ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನೋಡೋಣ ಅಂದರೆ ಮುಗಿಯಿತು. ಮಗನಿಗೆ ಹೆಣ್ಣು ಕೇಳಿದಾಗಲೂ, ಸೈಟು ಕೇಳಿದಾಗಲೂ ಅದೇ ಮಾತು. ಅದನ್ನು ಕೇಳಿಸಿಕೊಂಡ ಮೇಲೆ ಇನ್ನೊಂದು ಸಲ ಕೇಳುವುದು ಮರ್ಯಾದೆಯಲ್ಲ. ನನಗೆ ಅಳು ಬಂತು. ಅರವತ್ತಮೂರು ಜನರ ಮುಂದೆ ಅಳಬಾರದೆಂದು ಸೌಟನ್ನು ಗಟ್ಟಿಯಾಗಿ ಹಿಡಿದು ನಿಂತೆ.

"ವೀಕ್ಷಣೆ ಕೋರಲಾಗಿದೆ" ಎಂದಿತು ಯಂತ್ರ, ಒಳಗಿನಿಂದ.

ಎರಡು ಗಾಡಿಗಳು ಬಂದವು. ಅಧ್ಯಕ್ಷರನ್ನು ಎರಡೂ ರಟ್ಟೆ ಹಿಡಿದೆತ್ತಿ, ಒಂದರ ಮೇಲೆ ಕೂರಿಸಿಕೊಂಡು ಬೀದಿಗೆ ಓಡಿದವು. ಉಳಿದ ಆರು ಗಾಡಿಗಳು ಚಿತ್ರಾನ್ನದ ದಪ್ಪಲೆ ಹೊತ್ತು ಹಿಂದೆ ಹೊರಟವು.

"ಭಾವ!" ಎಂದು ಕಿರುಚಿದೆ. ಅವರು ಸ್ಕೂಟರು ಎಳೆದರು. ಸೌಟು ಹಿಡಿದುಕೊಂಡೇ ಹಿಂದೆ ಕೂತೆ.

ಗಾಡಿ ಮೊದಲು ಅಕ್ಕಿ ಗಿರಣಿಯ ಮುಂದೆ ನಿಂತಿತು. "ಇದು ಅಕ್ಕಿ ಬರುವ ಜಾಗ. ನೋಡಿದ್ದು ಆಯಿತೇ? ತೀರ್ಮಾನವೇನು?"

ಪಾಪ, ಮೂವತ್ತು ವರ್ಷದ ಅಭ್ಯಾಸ. "ಆಯ್ತು, ಆಯ್ತು, ನೋಡೋಣ" ಅಂದುಬಿಟ್ಟರು ಮರುಳಸಿದ್ದಪ್ಪನವರು.

ಗಾಡಿ ತರಕಾರಿ ಮಾರುಕಟ್ಟೆಗೆ ಓಡಿತು. ಅಲ್ಲೂ ಕೇಳಿತು. ಅಲ್ಲೂ ಅವರು "ನೋಡೋಣ" ಅಂದರು. ಹಾಲಿನ ಡಿಪೋ, ಬೆಲ್ಲದ ಮಂಡಿ, ಮತ್ತೆ ಗಿರಣಿ.

"ಸಾರ್, ಆ ಮಾತು ಆಡ್ಬೇಡಿ" ಎಂದು ನಾನು ಸ್ಕೂಟರಿನಿಂದ ಕೂಗಿದೆ.

"ಯಾವ ಮಾತಮ್ಮ?"

"ನೋಡೋಣ ಅನ್ನೋದು!"

"ಆಯ್ತಮ್ಮ, ನೋಡೋಣ" ಅಂದರು ಅವರು, ಮುಂದಿನ ತಿರುವಿನಲ್ಲಿ ಮರೆಯಾಗುತ್ತಾ.

ಮೂರನೆಯ ಸುತ್ತಿಗೆ ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ಬಸ್‌ಸ್ಟ್ಯಾಂಡು ಅಂದ ಮೇಲೆ ಕಿಟಕಿಯಿಂದ ಕೈಬೀಸಿ ಎಲ್ಲರೂ "ಬರ್ತೀನಿ" ಅನ್ನುತ್ತಿರುತ್ತಾರೆ. ಅಂದವರಿಗೆಲ್ಲ ಆರು ಗಾಡಿಗಳು ಕಿಟಕಿಯೊಳಗೇ ಎಲೆ ನೀಡಿ ಚಿತ್ರಾನ್ನ ಹಾಕುತ್ತಿದ್ದವು. ಇನ್ನೂರಿಪ್ಪತ್ತು ಜನರ ಅನ್ನ ಕಾಲು ಗಂಟೆಯಲ್ಲಿ ಮುಗಿಯಿತು.

"ತೀರ್ಮಾನವೇನು?" ಎಂದಿತು ಅಧ್ಯಕ್ಷರ ಗಾಡಿ.

ಶಲ್ಯ ಜಾರಿ, ಟೋಪಿ ಓರೆಯಾಗಿ, ಅವರು ತಗಡಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಾಯಿ "ನೋ" ಅನ್ನುವಷ್ಟು ತೆರೆಯಿತು. ಗಾಡಿ ಗುರ್ ಅಂದು ಮುಂದಕ್ಕೆ ಸರಿಯಿತು. ಅವರು ಬಾಯಿ ಮುಚ್ಚಿ, ಉಗುಳು ನುಂಗಿದರು.

"ಒಪ್ಪಿದೀನಿ! ಛತ್ರದ ಅಡುಗೆ ಜಲಜಮ್ಮನಿಗೇ ಕೊಟ್ಟಿದೀನಿ! ಇಳಿಸ್ರಯ್ಯಾ!"

"ತೀರ್ಮಾನ ದಾಖಲಾಗಿದೆ" ಎಂದು ಗಾಡಿ ಅವರನ್ನು ಮೆಲ್ಲಗೆ ಕಲ್ಲುಬೆಂಚಿನ ಮೇಲೆ ಇಳಿಸಿತು.

ನಾನು ಓಡಿಹೋಗಿ ನೀರು ಕೊಟ್ಟೆ. "ಸಾರ್, ಹೆದರಿಕೆಗೆ ಅಂದಿದ್ದಾದ್ರೆ ಬೇಡ. ನನಗೆ ಹಾಗೆ ಬೇಡ" ಅಂದೆ.

ಅವರು ನೀರು ಕುಡಿದು ಉಸಿರು ಬಿಟ್ಟರು. "ಇಷ್ಟು ಜನರ ಮುಂದೆ ಅಂದ್ಮೇಲೆ ಆಯ್ತಲ್ಲಮ್ಮ. ಹುಳಿ ಉಂಡಾಗ್ಲೇ ಕೊಡ್ಬೇಕು ಅನ್ನಿಸಿತ್ತು. ಆಮೇಲೆ ನಿಮ್ಮನೆ ಗಲಾಟೆ ನೋಡಿ ಸಿಟ್ಟು ಬಂತು. ಒಂದು ಷರತ್ತು. ಆ ಪೆಟ್ಟಿಗೆ ಛತ್ರದ ಕಾಂಪೌಂಡಿನೊಳಗೆ ಬರಬಾರದು. ಬೇಕಾದ್ರೆ ನಿಮ್ಮತ್ತೆ ಬರಲಿ, ಕಿಟಕಿ ಹತ್ರ ಒಂದು ಕುರ್ಚಿ ಹಾಕಿಸ್ತೀನಿ."

ಆ ಸಮಿತಿ ಹುಟ್ಟಿದ ಮೇಲೆ ಅರ್ಜಿಯೊಂದು ಹೀಗೆ ಒಂದೇ ದಿನದಲ್ಲಿ ತೀರ್ಮಾನವಾದದ್ದು ಇದೇ ಮೊದಲಂತೆ. ಸುದ್ದಿ ಊರೆಲ್ಲ ಹಬ್ಬಿತು. ತಮ್ಮ ಫೈಲು ಯಾವುದೋ ಮೇಜಿನ ಮೇಲೆ ವರ್ಷಗಟ್ಟಲೆಯಿಂದ ಮಲಗಿದೆ ಅನ್ನುವವರೆಲ್ಲ ಈಗ ನಮ್ಮ ಮನೆ ಬಾಗಿಲಿಗೆ ಬಂದು, "ಒಂದು ದಿನದ ಮಟ್ಟಿಗೆ ಗಾಡಿ ಕೊಡ್ತೀರಾ?" ಎಂದು ಕೇಳುತ್ತಾರೆ. ಭಾವ ಮೊದಲು ಕತ್ತು ಚಾಚಿ ಅಂಗಳ ನೋಡುತ್ತಾರೆ, ಗಾಡಿಗಳು ಹತ್ತಿರದಲ್ಲಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ, ಆಮೇಲೆ ದನಿ ತಗ್ಗಿಸಿ "ನೋಡೋಣ" ಅನ್ನುತ್ತಾರೆ.